ಆಲೆಮನೆಯ ದಿನಗಳಲ್ಲಿ ಸೋದೆ, ಬನವಾಸಿ

ಶಿರಸಿ ಸೀಮೆಯನ್ನು ಮಳೆಗಾಲದಲ್ಲೇ ನೋಡಬೇಕು ಎನ್ನುವವರು ಬಹಳ. ಜಲಪಾತವಷ್ಟೇ ಗುರಿಯಾದರೆ ಆ ಮಾತು ಸರಿ. ಆದರೆ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಯನ್ನೂ ಶಾಲ್ಮಲಾ ಹೊಳೆಯ ಸಹಸ್ರಲಿಂಗಗಳನ್ನೂ ಒಟ್ಟಿಗೆ ಕಾಣಬೇಕಾದರೆ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗಿನ ದಿನಗಳೇ ಬೇಕು. ಹೊಳೆಯ ನೀರು ಇಳಿದು ಲಿಂಗಗಳು ತಲೆಯೆತ್ತುವ ಹೊತ್ತಿಗೆ ಇತ್ತ ಕಬ್ಬೂ ಕಡಿಯಲು ಬಂದಿರುತ್ತದೆ. ನಾವು ಫೆಬ್ರವರಿಯಲ್ಲಿ ಹೊರಟದ್ದು ಈ ಲೆಕ್ಕದಿಂದಲೇ.

ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಸುಮಾರು 17 ಕಿ.ಮೀ. ದೂರದಲ್ಲಿ ಸಹಸ್ರಲಿಂಗ ಸಿಗುತ್ತದೆ. ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ ಹೊಳೆಯ ಬಂಡೆಗಳ ಮೇಲೆಯೇ ಕೆತ್ತಿಸಿದ ಲಿಂಗಗಳಿವು. ಕೆಲವಕ್ಕೆ ಎದುರಿಗೆ ನಂದಿಯೂ ಇದೆ. ಶತಮಾನಗಳಿಂದ ಪ್ರತಿ ಮಳೆಗಾಲದ ಪ್ರವಾಹವನ್ನು ತಡೆದುಕೊಂಡ ಕೆತ್ತನೆಗಳ ಮೇಲೆ ಚಪ್ಪಲಿ ಕಾಲಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಮಾತ್ರ ನೋಡಲು ಹಿತವಲ್ಲ.

ಸೋದೆಯಲ್ಲಿ ಕೋಟೆಯ ಕುರುಹು ಸ್ವಲ್ಪವೇ ಉಳಿದಿದೆ. ಕಾಳುಮೆಣಸಿನಿಂದ ಸಿರಿವಂತವಾಗಿದ್ದ ಈ ಸಂಸ್ಥಾನಕ್ಕೆ ಹೈದರಾಲಿಯ ಸೇನೆ ನುಗ್ಗಿದ ಮೇಲೆ ಅರಸುಮನೆತನ ಗೋವೆಯತ್ತ ಹೋಯಿತು. 1600ರಲ್ಲಿ ವೃಂದಾವನಸ್ಥರಾದ ವಾದಿರಾಜರ ಮಠ, ಸ್ವರ್ಣವಲ್ಲಿಯ ಮಠ, ಜೈನ ಮಠ ಮೂರೂ ಇಲ್ಲಿ ಆಸುಪಾಸಿನಲ್ಲೇ ಇವೆ.

ಸಂಜೆಗೆ ಪರಿಚಿತರೊಬ್ಬರ ಆಲೆಮನೆ ಸೇರಿದೆವು. ಹಿಂದೆ ಕೋಣಗಳು ಸುತ್ತುತ್ತಿದ್ದ ಗಾಣವನ್ನು ಈಗ ಎಂಜಿನ್ ತಿರುಗಿಸುತ್ತದೆ. ಅದರ ಸದ್ದಿಗೆ ಮಾತು ಕೇಳಿಸದು. "ಮೊದಲು ಆಸರಿಗೆ ಕುಡೀರಿ, ಪಾಕ ಬರಲಿಕ್ಕೆ ಇನ್ನೂ ಹೊತ್ತುಂಟು," ಎನ್ನುತ್ತ ಯಜಮಾನರು ಚೊಂಬು ತುಂಬ ಕಬ್ಬಿನಹಾಲು ಕೊಟ್ಟರು. ಜೊತೆಗೆ ಖಾರದ ಮಂಡಕ್ಕಿ, ಮಿರ್ಚಿ ಭಜಿ. ಸಿಹಿ ಕಟ್ಟಿದ ಬಾಯಿಗೆ ಖಾರ ಬಿದ್ದರೆ ಇನ್ನೊಂದು ಲೋಟ ಕೇಳದೆ ಇರಲಾಗದು. ಸೋಸಿದ ಹಾಲನ್ನು ಅಗಲವಾದ ಕೊಪ್ಪರಿಗೆಗೆ ಹೊಯ್ದು, ಸುಣ್ಣ ಬೆರೆಸಿ, ಮೇಲೆ ಬಂದ ಕೊಳೆಯನ್ನು ತೆಗೆಯುತ್ತ ಗಂಟೆಗಟ್ಟಲೆ ಕುದಿಸುತ್ತಾರೆ. ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ನೊರೆಯ ಬಣ್ಣ, ಗುಳ್ಳೆಯ ಗಾತ್ರ, ನೀರಿಗೆ ಬಿಟ್ಟ ಹನಿಯ ಗಟ್ಟಿತನ ಇವನ್ನು ನೋಡಿ ಹದ ನಿರ್ಧರಿಸುವವರು ಗಡಿಯಾರ ನೋಡುವುದಿಲ್ಲ. ಅಚ್ಚಿಗೆ ಹೊಯ್ಯುವ ಬೆಲ್ಲಕ್ಕೆ ಪಾಕ ಇನ್ನೂ ಏರಬೇಕು. ಮಲೆನಾಡಿನವರ ಜೋನಿಬೆಲ್ಲವನ್ನು ಅದಕ್ಕೂ ಮೊದಲೇ, ಹರಿಯುವ ಹದದಲ್ಲಿ ಇಳಿಸಿ ಡಬ್ಬಿಗೆ ತುಂಬುತ್ತಾರೆ. ಅದನ್ನು ದೋಸೆಗೆ ತುಪ್ಪದೊಡನೆ ಹಚ್ಚಿ ತಿಂದವರಿಗೆ ಅಂಗಡಿಯ ಅಚ್ಚುಬೆಲ್ಲ ಸಪ್ಪೆ ಎನಿಸಿದರೆ ತಪ್ಪೇನಿಲ್ಲ. ಪಕ್ಕದ ಒಲೆಯಲ್ಲಿ ಮನೆಯ ಅಕ್ಕ ಅಕ್ಕಿಹಿಟ್ಟನ್ನು ಕಬ್ಬಿನಹಾಲಿನಲ್ಲಿ ಕಲಸಿ, ಬೋರಲು ಹಾಕಿದ ಕಾದ ಮಡಕೆಯ ಮೇಲೆ ಬಟ್ಟೆಯಿಂದ ತೆಳುವಾಗಿ ಎಳೆದು ತೊಡೆದೇವು ಎಂಬ ಸಿಹಿತಿಂಡಿ ಮಾಡುತ್ತಿದ್ದರು.

ಮರುದಿನ ಅನಾನಸ್ ತೋಟಗಳ ನಡುವಿನ ದಾರಿಯಲ್ಲಿ ಬನವಾಸಿಗೆ ಹೋದೆವು. ಕದಂಬರ ರಾಜಧಾನಿಯಾಗಿದ್ದ ಈ ಊರನ್ನು ವರದಾ ನದಿ ಬಳಸಿಕೊಂಡು ಹರಿಯುತ್ತದೆ. ಮಧುಕೇಶ್ವರ ದೇವಾಲಯದಲ್ಲಿ ಹೆಚ್ಚಿನವರು ಕಲ್ಲಿನ ಮಂಚವನ್ನೂ ತ್ರಿಲೋಕ ಮಂಟಪವನ್ನೂ ನೋಡಿ ಹೊರಡುತ್ತಾರೆ. ನನಗೆ ಅವೆರಡಕ್ಕಿಂತ ಹೆಚ್ಚಿನದೆನಿಸಿದ್ದು ಆವರಣದ ನಾಗಶಿಲೆ. ಕದಂಬರಿಗೂ ಹಿಂದಿನ ಚುಟು ಅರಸರ ಕಾಲದಲ್ಲಿ ರಾಜಕುಮಾರಿಯೊಬ್ಬಳು ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿದಳೆಂದು ಅದರ ಪ್ರಾಕೃತ ಶಾಸನ ಹೇಳುತ್ತದೆ; ಕಂಡರಿಸಿದ ಶಿಲ್ಪಿ ನಟಕನ ಹೆಸರೂ ಅದರಲ್ಲಿದೆ.