8 ಮೆಗಾಹರ್ಟ್ಸ್ ಅಷ್ಟೇ ಅಲ್ವಾ ಅಂದಿದ್ದೆ

ಸರ್ಕ್ಯೂಟ್ ಬೋರ್ಡಿನ ಲೇಔಟ್ ಮಾಡುವ ಹುಡುಗಿ ಅವತ್ತೇ ಕೇಳಿದ್ದಳು: "ಸಾರ್, ಎಸ್‌ಪಿಐ ಕ್ಲಾಕ್‌ಗೆ ಸೀರೀಸ್ ರೆಸಿಸ್ಟರ್ ಹಾಕೋಣ್ವಾ?" "8 ಮೆಗಾಹರ್ಟ್ಸ್ ಅಷ್ಟೇ ಕಣಮ್ಮ, ಬೇಡ" ಅಂದೆ. ಕಂಟ್ರೋಲರ್ ಚಿಪ್ಪು ಫ್ಲ್ಯಾಶ್ ಮೆಮೊರಿ ಚಿಪ್ಪಿನ ಜೊತೆ ಮಾತಾಡುವ ದಾರಿಯೇ ಈ ಎಸ್‌ಪಿಐ; ಕ್ಲಾಕಿನ ಒಂದೊಂದು ಬಡಿತಕ್ಕೆ ಒಂದೊಂದು ಬಿಟ್ ಸಾಗುತ್ತದೆ. ಬೋರ್ಡು ಎರಡು ವರ್ಷ ಚಕಾರವೆತ್ತದೆ ಓಡಿತು.

ಆಮೇಲೆ ಬಂದ ಒಂದು ಲಾಟ್‌ನಲ್ಲಿ ಫ್ಲ್ಯಾಶ್‌ನಿಂದ ಓದಿದ ಬೈಟುಗಳು ಒಂದು ಬಿಟ್ ಸರಿದು ಬರತೊಡಗಿದವು. ಎರಡು ದಿನ ಫರ್ಮ್‌ವೇರ್‌ನವರನ್ನು ಬೈದದ್ದಾಯ್ತು. ತಮಾಷೆಯೆಂದರೆ, ಕ್ಲಾಕ್ ಪಿನ್ನಿಗೆ ಪ್ರೋಬ್ ಇಟ್ಟರೆ ಎಲ್ಲ ಸರಿ, ತೆಗೆದರೆ ಮತ್ತೆ ಅದೇ ಗೋಳು. ಪ್ರೋಬಿನ ಕೆಲವು ಪಿಕೋಫ್ಯಾರಡ್ ಕೆಪಾಸಿಟನ್ಸ್ ಎಡ್ಜನ್ನು, ಅಂದರೆ ಸಿಗ್ನಲ್ ಏರುವ ಅಂಚನ್ನು, ನಿಧಾನ ಮಾಡುತ್ತಿತ್ತು. ನಮ್ಮ ಬೆಂಚಿನ 100 ಮೆಗಾಹರ್ಟ್ಸ್ ಆಸಿಲೋಸ್ಕೋಪ್‌ಗೆ ತನ್ನದೇ ರೈಸ್ ಟೈಮ್ (ಏರಲು ಹಿಡಿಯುವ ಸಮಯ) 3.5 ನ್ಯಾನೋಸೆಕೆಂಡ್, ಅದಕ್ಕಿಂತ ಚುರುಕಾದದ್ದು ಅದಕ್ಕೆ ಕಾಣುವುದೇ ಇಲ್ಲ.

1 ಗಿಗಾಹರ್ಟ್ಸ್ ಸ್ಕೋಪ್ ಎರವಲು ತಂದು, ಉದ್ದನೆಯ ಗ್ರೌಂಡ್ ಕ್ಲಿಪ್ ಕಿತ್ತು ಸ್ಪ್ರಿಂಗ್ ಹಾಕಿ ಆಕ್ಟಿವ್ ಪ್ರೋಬಿನಲ್ಲಿ ನೋಡಿದಾಗ ಗೊತ್ತಾಯಿತು. ಎಡ್ಜ್ 0.8 ನ್ಯಾನೋಸೆಕೆಂಡ್. 3.3 ವೋಲ್ಟ್‌ನ ಸಿಗ್ನಲ್ 4 ದಾಟಿ ಜಿಗಿದು, ವಾಪಸ್ ಥ್ರೆಶೋಲ್ಡ್ (ಸೊನ್ನೆ-ಒಂದರ ನಡುವಿನ ಗಡಿ) ಹತ್ತಿರ ಕುಸಿದು, ಮತ್ತೆ ಏರುತ್ತಿತ್ತು. ಫ್ಲ್ಯಾಶ್ ಒಂದು ಕ್ಲಾಕನ್ನು ಎರಡೆಂದು ಎಣಿಸುತ್ತಿತ್ತು. ಕಂಟ್ರೋಲರ್ ತಯಾರಕರು ಡೈ (ಚಿಪ್ಪಿನೊಳಗಿನ ಸಿಲಿಕಾನ್ ತುಂಡು) ಬದಲಿಸಿದ್ದರು, ಪಾರ್ಟ್ ನಂಬರ್ ಅದೇ. ಅದರ ನೋಟಿಸು ನನ್ನ ಇನ್‌ಬಾಕ್ಸಿನಲ್ಲೇ ಬಿದ್ದಿತ್ತು, ಓದಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಎಫ್‌ಆರ್-4 ಬೋರ್ಡಿನಲ್ಲಿ ಸಿಗ್ನಲ್ 1 ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಹೋಗುತ್ತದೆ. ನಮ್ಮ ಟ್ರೇಸ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) 14 ಸೆಂಟಿಮೀಟರ್, ಹೋಗಿಬರಲು 1.9 ನ್ಯಾನೋಸೆಕೆಂಡ್. ಹಳೇ ಚಿಪ್ಪಿನ ಎಡ್ಜ್ 5 ನ್ಯಾನೋಸೆಕೆಂಡ್ ಇದ್ದುದರಿಂದ ಟ್ರೇಸಿನ ತುದಿಯಿಂದ ಮರಳುವ ಪ್ರತಿಫಲನ ಎಡ್ಜ್ ಏರುವಷ್ಟರಲ್ಲೇ ಬಂದು ಅದರಲ್ಲೇ ಕರಗುತ್ತಿತ್ತು. ಹೊಸದರಲ್ಲಿ ಎಡ್ಜ್ ಮುಗಿದ ಮೇಲೆ ಬರುತ್ತಿತ್ತು. ರೈಸ್ ಟೈಮಿನ ಆರನೇ ಒಂದು ಭಾಗದಲ್ಲಿ ಸಿಗ್ನಲ್ ಎಷ್ಟು ದೂರ ಹೋಗುತ್ತದೋ ಅದಕ್ಕಿಂತ ಟ್ರೇಸ್ ಉದ್ದವಿದ್ದರೆ ಈಗ ನಾನು ಅದನ್ನು ಟ್ರಾನ್ಸ್‌ಮಿಷನ್ ಲೈನ್ ಎಂದೇ, ಅಂದರೆ ಅಲೆ ಓಡಿ ತಿರುಗಿ ಬರುವ ದಾರಿಯೆಂದೇ, ನೋಡುತ್ತೇನೆ. ಇಲ್ಲಿ ಆ ಮಿತಿ ಬರೀ 2 ಸೆಂಟಿಮೀಟರ್! ಕ್ಲಾಕ್ 8 ಇದ್ದರೇನು, 1 ಇದ್ದರೇನು.

33 ಓಮ್ ರೆಸಿಸ್ಟರನ್ನು ಮೊದಲು ಫ್ಲ್ಯಾಶ್ ಪಕ್ಕ ಹಾಕಿದೆವು, ಅಲ್ಲೇ ಜಾಗವಿತ್ತು ಅಂತ. ಹೆಚ್ಚೇನೂ ಬದಲಾಗಲಿಲ್ಲ. ಫ್ಲ್ಯಾಶ್ ಇನ್‌ಪುಟ್ ತೆರೆದ ತುದಿಯಿದ್ದಂತೆ, ಅಲೆ ಅಲ್ಲಿಂದ ಹಾಗೇ ತಿರುಗುತ್ತದೆ. ಆಮೇಲೆ ಕಂಟ್ರೋಲರ್ ಪಿನ್ನಿನ ಬುಡದಲ್ಲೇ ಬ್ಲೇಡಿನಿಂದ ಟ್ರೇಸ್ ಕೊಯ್ದು ಬೆಸುಗೆ ಹಾಕಿದೆ. ಡ್ರೈವರಿನ ಸ್ವಂತ 15 ಓಮ್ ಸೇರಿ ಟ್ರೇಸಿನ ಇಂಪಿಡೆನ್ಸ್ (ಅಲೆಗೆ ಕಾಣುವ ತಡೆ) ಆದ 50 ಓಮಿನ ಹತ್ತಿರ ಬಂತು, ತಿರುಗಿ ಬಂದ ಅಲೆ ಅಲ್ಲೇ ಸುಮ್ಮನಾಯಿತು.

ಮುಂದಿನ ರಿವಿಷನ್ನಿನ ಫೈಲ್ ತೆರೆದರೆ ಪ್ರತಿ ಕ್ಲಾಕ್ ಪಿನ್ನಿನ ಪಕ್ಕ ಒಂದೊಂದು ರೆಸಿಸ್ಟರ್ ಪ್ಯಾಡ್. ಈ ಸಲ ಅವಳು ನನ್ನನ್ನು ಕೇಳಿರಲಿಲ್ಲ.