ತಟ್ಟೆಯ ಇನ್ನೊಂದು ಸಾಲು

ಮೈಸೂರಿನ ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯಿಂದ ತಂದ ಮಂಜಿಷ್ಠದ ಬೇರನ್ನು ಇಂದು ಪ್ರಯೋಗಾಲಯದಲ್ಲಿ ಕುಟ್ಟಿ ಎಥನಾಲ್‌ನಲ್ಲಿ ನೆನೆಹಾಕಿದೆವು. ಸಾರ ತೆಗೆದ ಮೇಲೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳಿಗೆ ಹಾಕಿ ನೋಡಬೇಕು. ಕೋಶಗಳು ಬದುಕಿವೆಯೇ ಎಂದು ತಿಳಿಸುವ ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಕೋಶಗಳು ಹಳದಿ ದ್ರಾವಣವನ್ನು ನೇರಳೆಗೆ ತಿರುಗಿಸುತ್ತವೆ, ಸತ್ತವು ತಿರುಗಿಸುವುದಿಲ್ಲ. 96 ಗುಳಿಗಳ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಸತ್ತು ಹಳದಿ ಉಳಿದರೆ ಎಲ್ಲರಿಗೂ ಸಂಭ್ರಮ. ನನ್ನ ಕಣ್ಣು ಮಾತ್ರ ಆರೋಗ್ಯವಂತ ಚರ್ಮದ ಕೋಶಗಳಿರುವ ಸಾಲಿನ ಮೇಲೆ. ಅದೂ ಹಳದಿಯಾಗಿಯೇ ಉಳಿದರೆ ನಮ್ಮ ಕೈಯಲ್ಲಿರುವುದು ಔಷಧವಲ್ಲ, ವಿಷ. ಕೆಲವು ಸಸ್ಯಸಾರಗಳಂತೂ ಕೋಶಗಳೇ ಇಲ್ಲದೆ ನೇರಳೆ ಬಣ್ಣ ತರಿಸಿಬಿಡುತ್ತವೆ! ಆ ಮೋಸ ಹಿಡಿಯಲು ಕೋಶವಿಲ್ಲದ ಗುಳಿಗಳನ್ನೂ ಇಡಲೇಬೇಕು.

ಗಿಡಗಳ ಮೇಲೆ ನನಗೆ ಅಪಾರ ನಂಬಿಕೆ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ ರಕ್ತ ಕ್ಯಾನ್ಸರಿನ ವಿನ್‌ಕ್ರಿಸ್ಟಿನ್ ಬಂದಿತು. ಆದರೆ ಅದು ಶುದ್ಧೀಕರಿಸಿ, ಅಳೆದು, ವೈದ್ಯರ ನಿಗಾದಲ್ಲಿ ರಕ್ತನಾಳಕ್ಕೆ ಕೊಡುವ ಮದ್ದು; ಎಲೆ ಜಗಿದರೆ ಆಗುವುದಲ್ಲ. ಯೂಫೋರ್ಬಿಯಾ ಜಾತಿಯ ಒಂದು ಗಿಡದ ಹಾಲಿನಿಂದ ಮಾಡಿದ ಇಂಜೆನಾಲ್ ಮೆಬ್ಯುಟೇಟ್ ಎಂಬ ಮುಲಾಮಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಕ್ಯಾನ್ಸರಿಗೆ ತಿರುಗಬಲ್ಲ ಚರ್ಮದ ಒರಟು ಕಲೆಗಳಿಗೆ ಹಚ್ಚುತ್ತಿದ್ದ ಅದರಿಂದಲೇ ಚರ್ಮದ ಕ್ಯಾನ್ಸರ್ ಬರಬಹುದೆಂಬ ಆತಂಕ ಎದ್ದು, 2020ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹಿಂತೆಗೆದರು.

ಮಂಡ್ಯದ ನಮ್ಮ ದೊಡ್ಡಮ್ಮ ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆಗೆ ಸೊಪ್ಪು ಅರೆದು ಕಟ್ಟುತ್ತಿದ್ದಾರಂತೆ. ನಮ್ಮವರಲ್ಲಿ ಮೆಲನೋಮ ಅಪರೂಪ, ಬಂದರೆ ಅಂಗಾಲಿನಂಥ ಜಾಗದಲ್ಲೇ ಹೆಚ್ಚು. “ಸೊಪ್ಪು ಬಿಡಿ ದೊಡ್ಡಮ್ಮ, ಮೊದಲು ಚರ್ಮದ ವೈದ್ಯರಿಗೆ ತೋರಿಸೋಣ” ಎಂದು ಫೋನಿನಲ್ಲಿ ಗೋಗರೆದಿದ್ದೇನೆ. ಸೋಮವಾರ ಮೈಸೂರಿಗೆ ಬರಲು ಒಪ್ಪಿದ್ದಾರೆ.