ಮುಕುರ್ತಿ ನೋಡೋಕೆ ಹೋಗಿ ನೀಲಗಿರಿ ಎಣ್ಣೆ ತಂದಿದ್ದು

ನಮ್ದು ತಾಳವಾಡಿ. ಊಟಿಗೆ ಎಷ್ಟೋ ಸಲ ಹೋಗಿದ್ದೀನಿ, ಬೋಟಿಂಗು, ಚಾಕಲೇಟು, ವಾಪಸ್ಸು, ಅಷ್ಟೇ. ಈ ಸಲ ನಮ್ಮ ಭಾವ ಮುಕುರ್ತಿ ಬೆಟ್ಟ ನೋಡ್ಲೇಬೇಕು ಅಂತ ಹಠ ಹಿಡಿದ್ರು. ಕಾರಣ ಇಷ್ಟೆ, ನಮ್ಮೂರ ಹತ್ರ ತಲಮಲೆ ಕಡೆ ಕೆಳಗಡೆ ಕಣಿವೇಲಿ ಹರಿಯೋ ಮೋಯಾರ್ ಇದ್ಯಲ್ಲ, ಅದು ಮೇಲೆ ಪೈಕಾರ ಹೊಳೆ ಅನ್ನೋ ಹೆಸರಲ್ಲಿ ಆ ಬೆಟ್ಟದ ಹತ್ರ ಹುಟ್ಟೋದು ಅಂತ ಅವರಿಗೆ ಯಾರೋ ಹೇಳಿದ್ರಂತೆ. ನಿಜಾನೇ ಅದು.

ಬೆಳಗ್ಗೆ 5ಕ್ಕೆ ಬಿಟ್ವಿ, ಬಂಡೀಪುರ ರೋಡು ರಾತ್ರಿ 9ರಿಂದ 6ರ ತನಕ ಬಂದ್ ಇರುತ್ತಲ್ವಾ, ಗೇಟ್ ತೆಗೆದಿರೋ ಹೊತ್ತಿಗೆ ಸರಿಯಾಗಿ ಹೋದ್ವಿ. ಗೂಡಲೂರಲ್ಲಿ ತಿಂಡಿ. ಇ-ಪಾಸ್ ಮಾಡಿಸಿರ್ಲಿಲ್ಲ, 2024ರಿಂದ ಹೈಕೋರ್ಟ್ ಆರ್ಡರ್ ಪ್ರಕಾರ ಊಟಿಗೆ ಹೋಗೋ ಹೊರಗಿನ ಗಾಡಿಗಳಿಗೆ ಅದು ಕಡ್ಡಾಯ, ಅಲ್ಲೇ ರೋಡ್ ಪಕ್ಕ ನಿಂತು ಫೋನಲ್ಲಿ ಮಾಡ್ಕೊಂಡ್ವಿ, ನೆಟ್ವರ್ಕ್ ಬಂದು ಹೋಗಿ ಅರ್ಧ ಗಂಟೆ ಹಾಳು.

ಊಟಿ ತಲುಪಿ ಒಂದು ಜೀಪ್ ಮಾತಾಡಿದ್ವಿ. ಡ್ರೈವರಣ್ಣ ಬಡಗರು, ನೀಲಗಿರಿ ಬೆಟ್ಟದ ಜನಾಂಗ, ಅವರು ಕನ್ನಡಕ್ಕೆ ಹತ್ರದ ಬಡಗ ಭಾಷೆ ಮಾತಾಡ್ತಿದ್ರು ನಾವು ಕನ್ನಡ, ಹತ್ತು ನಿಮಿಷ ತಡವರಿಸಿದ್ವಿ ಆಮೇಲೆ ಸಲೀಸು. ಊರಿಗೆ ಅವರೂ ಹಟ್ಟಿ ಅಂತಾರೆ, ದೊಡ್ಡಬೆಟ್ಟ ಅವರಿಗೂ ದೊಡ್ಡಬೆಟ್ಟಾನೇ. ಮುಕುರ್ತಿ ಅಂದ ತಕ್ಷಣ ನಕ್ಕರು. ಅದು ನ್ಯಾಷನಲ್ ಪಾರ್ಕು ಅಣ್ಣ, ಪರ್ಮಿಶನ್ ಇಲ್ದೆ ಯಾರನ್ನೂ ಒಳಗೆ ಬಿಡಲ್ಲ, ದೂರದಿಂದ ತೋರಿಸ್ತೀನಿ ಬನ್ನಿ ಅಂದ್ರು. ಭಾವನ ಮುಖ ನೋಡ್ಬೇಕಿತ್ತು!

ದಾರಿ ತುಂಬಾ ನೀಲಗಿರಿ ಮರ. ನಾನು ಆಹಾ ನೀಲಗಿರೀಲಿ ನೀಲಗಿರಿ ಮರ ಅಂದೆ, ಡ್ರೈವರಣ್ಣ ಅದು ನಮ್ದಲ್ಲ ಅಂದ್ಬಿಟ್ರು. ಆಸ್ಟ್ರೇಲಿಯಾದ್ದು. ಬ್ರಿಟಿಷರು 1840ರ ಆಸುಪಾಸಲ್ಲಿ ಸೌದೆಗೆ ಅಂತ ತಂದು ನೆಟ್ಟಿದ್ದು, ಜೊತೆಗೆ ವ್ಯಾಟಲ್, ಅದಕ್ಕೆ ಅಲ್ಲಿ ಸೀಗೆ ಮರ ಅಂತಾರೆ, ಅದರ ತೊಗಟೆ ಚರ್ಮ ಹದ ಮಾಡೋಕೆ ಬೇಕಿತ್ತಂತೆ. ಸ್ವಾತಂತ್ರ್ಯ ಬಂದ ಮೇಲೂ ನಮ್ಮವರೇ ಗುಡ್ಡ ಗುಡ್ಡ ನೆಟ್ರು, ಹುಲ್ಲಿರೋ ಜಾಗ ಅಂದ್ರೆ ಬಂಜರು ಅಂತ ಲೆಕ್ಕ. ನಿಜವಾದ ನೀಲಗಿರಿ ಅಂದ್ರೆ ಗುಡ್ಡದ ಮೇಲೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಶೋಲಾ ಕಾಡು, ಮಳೆ ನೀರನ್ನ ಹೀರ್ಕೊಂಡು ನಿಧಾನಕ್ಕೆ ಬಿಡೋದು ಇವೆರಡೇ. ನಾವೇನೋ ಕನ್ನಡದಲ್ಲಿ ಆ ಪರದೇಶಿ ಮರಕ್ಕೇ ಬೆಟ್ಟದ ಹೆಸರು ಕಟ್ಟಿ ಕೂತಿದ್ದೀವಿ.

9ನೇ ಮೈಲಿ ಶೂಟಿಂಗ್ ಸ್ಪಾಟಲ್ಲಿ ಹತ್ತಿ ನಿಂತ್ರೆ ಬರೀ ಮಂಜು. ಜೋಳ ತಿಂದ್ವಿ, ಟೀ ಕುಡಿದ್ವಿ, ಭಾವ ಹೋಗೋಣ ಅಂತ ಎರಡು ಸಲ ಅಂದ್ರು. ಆಮೇಲೆ ಪಶ್ಚಿಮಕ್ಕೆ ಮಂಜು ಹರಿದು ಸಾಲು ಬೆಟ್ಟಗಳ ಹಿಂದೆ ಒಂದು ಚೂಪು ತುದಿ ಕಾಣಿಸ್ತು, ಅದೇ ಅಂದ್ರು. 2,554 ಮೀಟರ್. ದೊಡ್ಡಬೆಟ್ಟ 2,637, ಆದ್ರೆ ಅಲ್ಲಿ ತುದಿವರೆಗೂ ಕಾರು ಹೋಗುತ್ತೆ, ಬೈನಾಕ್ಯುಲರ್‌ಗೆ ಕ್ಯೂ ಇರುತ್ತೆ. ಮುಕುರ್ತಿ ಅಂದ್ರೆ ಕೊಯ್ದ ಮೂಗು ಅಂತೆ, ಶೂರ್ಪನಖಿ ಕಥೆ. ಎಮ್ಮೆ ಸಾಕೋ ಇಲ್ಲಿನ ಬುಡಕಟ್ಟು ಜನ ತೋಡರಿಗೆ ಮಾತ್ರ ಅದು ಬೇರೆನೇ, ಸತ್ತವರೂ ಅವರ ಎಮ್ಮೆಗಳೂ ಅಲ್ಲಿಂದಾನೇ ಆಚೆ ಲೋಕಕ್ಕೆ ದಾಟೋದು ಅನ್ನೋ ನಂಬಿಕೆ.

ಬಿಳಿ ದೊರೆಗಳು ಶಿಕಾರಿ ಆಡಿದ ಜಾಗಾನೂ ಅದೇ. ಬೇಟೆ ಪ್ರಾಣಿ ಕಮ್ಮಿ ಆಗ್ತಾ ಬಂದಾಗ ಅವರೇ 1879ರಲ್ಲಿ ನೀಲಗಿರಿಗೆ ಅಂತ ಬೇಟೆ ಕಾಯ್ದೆ ತಂದ್ರು, ಆಡೋಕೆ ಉಳೀಲಿ ಅಂತ ಇರ್ಬೇಕು. ವರೈಯಾಡು ಅಂತಾರಲ್ಲ, ಬಂಡೆ ಮೇಲೆ ಓಡಾಡೋ ಕಾಡಾಡು, ತಮಿಳುನಾಡಿನ ರಾಜ್ಯಪ್ರಾಣಿ, ಅದನ್ನ ಉಳಿಸೋಕೆ ಅಂತಾನೇ 1982ರಲ್ಲಿ ಮುಕುರ್ತಿ ಅಭಯಾರಣ್ಯ ಆಯ್ತು, 1990ರಲ್ಲಿ ನ್ಯಾಷನಲ್ ಪಾರ್ಕು. ಬರೀ 78 ಚದರ ಕಿಲೋಮೀಟರ್ ಚಿಲ್ಲರೆ. 2024ರ ಎಣಿಕೇಲಿ ಇಡೀ ತಮಿಳುನಾಡಲ್ಲಿ ಸಿಕ್ಕಿದ್ದು 1,031 ಆಡು. ನಮ್ಮೂರ ಸಂತೇಲಿ ಅದಕ್ಕಿಂತ ಜಾಸ್ತಿ ಮೇಕೆ ಬರುತ್ವೇನೋ. ಒಳಗೆ ವ್ಯಾಟಲ್ ಕಿತ್ತು ಹುಲ್ಲು ಬರ್ಸೋ ಕೆಲಸಾನೂ ನಡೀತಿದೆ, ಒಂದು ಕಿತ್ರೆ ಮಣ್ಣಲ್ಲಿರೋ ಬೀಜದಿಂದ ನೂರು ಎದ್ದು ಬರುತ್ತಂತೆ.

ಹತ್ತು ನಿಮಿಷ ಇತ್ತೇನೋ, ಮತ್ತೆ ಮುಚ್ಚಿಕೊಳ್ತು. ಫೋಟೋದಲ್ಲಿ ಬೂದಿ ಬಣ್ಣ ಬಿಟ್ರೆ ಏನೂ ಇಲ್ಲ. ಭಾವ ಆಗ್ಲೇ ಪರ್ಮಿಶನ್‌ಗೆ ಯಾರನ್ನ ಹಿಡೀಬೇಕು ಅಂತ ಡ್ರೈವರಣ್ಣನ ತಲೆ ತಿನ್ನೋಕೆ ಶುರು ಮಾಡಿದ್ರು. ನಾನು ಅಷ್ಟರಲ್ಲಿ ಪಕ್ಕದ ಅಂಗಡಿಗೆ ಹೋಗಿ ಒಂದು ಬಾಟ್ಲು ನೀಲಗಿರಿ ಎಣ್ಣೆ ತಗೊಂಡೆ, ಅಮ್ಮ ಮಂಡಿಗೆ ಹಚ್ಚೋಕೆ ಅಂತ ಹೊರಡೋವಾಗ್ಲೇ ಹೇಳಿದ್ರು.